ಗೂಗಲ್ ಪಟ್ಟಿಯಲ್ಲಿ ನಮ್ಮ ಸಾಮೆ ಇರಲೇ ಇಲ್ಲ!

ಹೋದ ವರ್ಷ ನಾವು ಹನ್ನೊಂದು ಜನ ರೈತರು ಸೇರಿ ಸಾಮೆ ಅಕ್ಕಿ ಮಾರಲಿಕ್ಕೆಂದು ಒಂದು ವೆಬ್‌ಸೈಟ್ ಮಾಡಿಸಿದೆವು. ಖರ್ಚು 8,000 ರೂಪಾಯಿ. ಮಾಡಿಕೊಟ್ಟವನು ಪೇಟೆಯ ಒಬ್ಬ ಹುಡುಗ. ವಿಳಾಸ ಒತ್ತಿದರೆ ಚೆನ್ನಾಗಿಯೇ ತೆರೆಯುತ್ತಿತ್ತು. ಆದರೆ ಐದು ತಿಂಗಳಾದರೂ ಒಂದು ಫೋನ್ ಬರಲಿಲ್ಲ. ಮಿಲ್ ಮಾಡಿಸಿದ ಸಾಮೆ ಅಕ್ಕಿ ರಾಗಿಯಂತಲ್ಲ, ಬಹಳ ದಿನ ಇಡಲಾಗದು, ಹುಳ ಬೀಳುತ್ತದೆ. ಕೊನೆಗೆ ನಾಲ್ಕು ಕ್ವಿಂಟಾಲನ್ನು ದಲ್ಲಾಳಿ ಕೇಳಿದ ರೇಟಿಗೇ ಕೊಟ್ಟೆವು.

ಜನಕ್ಕೆ ಸಾಮೆ ಬೇಡವಾಗಿದೆ ಅಂತ ತೀರ್ಮಾನ ಮಾಡಿಬಿಟ್ಟಿದ್ದೆವು. ರಜಕ್ಕೆ ಬಂದ ತಮ್ಮನ ಮಗಳು, "ದೊಡ್ಡಪ್ಪ, ಗೂಗಲ್‌ಗೆ ನಿಮ್ಮ ಸೈಟ್ ಇದೆ ಅಂತಾನೇ ಗೊತ್ತಿಲ್ಲ" ಅಂದಳು.

ನಾನು ತಿಳಿದಿದ್ದು ಬೇರೆ. ನಾವು ಹುಡುಕಿದಾಗ ಗೂಗಲ್ ಎಲ್ಲಾ ಕಡೆ ಓಡಾಡಿ ನೋಡಿಕೊಂಡು ಬರುತ್ತೆ ಅಂತಿದ್ದೆ. ಹಾಗಲ್ಲ. ಅದು ಮೊದಲೇ ಪುಟದಿಂದ ಪುಟಕ್ಕೆ ಸುತ್ತಿ, ಓದಿ, ಪಟ್ಟಿ ಮಾಡಿ ಇಟ್ಟಿರುತ್ತೆ. ಕೇಳಿದಾಗ ಆ ಪಟ್ಟಿಯಿಂದ ತೆಗೆದು ತೋರಿಸುತ್ತೆ. ಪಟ್ಟಿ ಸೇರದ ಪುಟ ಇದ್ದೂ ಇಲ್ಲದಂತೆ.

ಸೇರಿದೆಯೋ ಇಲ್ಲವೋ ನೋಡುವುದು ಸುಲಭ. ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಸೈಟ್' ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವಿಳಾಸ ಒತ್ತಿ. ಸೇರಿದ ಪುಟಗಳು ಕಾಣಿಸುತ್ತವೆ. ನಮ್ಮದು ಒಂದೂ ಬರಲಿಲ್ಲ. ಇದು ಅಂದಾಜಿನ ಪರೀಕ್ಷೆ ಅಷ್ಟೆ, ಸೇರಿದ ಪುಟವೂ ಕೆಲವು ಸಲ ಇಲ್ಲಿ ಕಾಣದು. ಖಚಿತ ಬೇಕಾದರೆ ಗೂಗಲ್‌ನವರದೇ 'ಸರ್ಚ್ ಕನ್ಸೋಲ್' ಇದೆ, ಪುಕ್ಕಟೆ. ಸೈಟ್ ನಮ್ಮದೇ ಅಂತ ಒಮ್ಮೆ ತೋರಿಸಿಕೊಟ್ಟರೆ, ಯಾವ ಪುಟ ಪಟ್ಟಿಯಲ್ಲಿದೆ, ಯಾವುದು ಯಾಕಿಲ್ಲ ಎಂದು ಕಾರಣ ಸಮೇತ ಹೇಳುತ್ತೆ.

ನಮ್ಮದಕ್ಕೆ ಬಂದ ಕಾರಣ 'ನೋಇಂಡೆಕ್ಸ್'. ಅಂದರೆ 'ಈ ಪುಟ ಪಟ್ಟಿಗೆ ಹಾಕಬೇಡಿ' ಅಂತ ಪುಟದೊಳಗೇ ಬರೆದಿಟ್ಟ ಮಾತು. ನಮ್ಮ ಸೈಟ್ ವರ್ಡ್‌ಪ್ರೆಸ್‌ನಲ್ಲಿ ಮಾಡಿದ್ದು. ಅದರ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅಂತ ಒಂದು ಕಡೆ, ಸರ್ಚ್ ಇಂಜಿನ್‌ಗಳು ಬರಬೇಡಿ ಎನ್ನುವ ಟಿಕ್ ಇದೆ. ಕೆಲಸ ಅರ್ಧಂಬರ್ಧ ಇರುವಾಗ ಹಾಕಿರುತ್ತಾರೆ. ಹುಡುಗ ತೆಗೆಯಲು ಮರೆತಿದ್ದ. ಒಂದು ಟಿಕ್‌ಗೆ ಐದು ತಿಂಗಳು ಹೋಯ್ತು!

ಇನ್ನೊಂದು ಅಡ್ಡಗಟ್ಟೆ 'ರೋಬೋಟ್ಸ್' ಎಂಬ ಸಣ್ಣ ಫೈಲು. 1994ರಿಂದ ಇರುವ ಪದ್ಧತಿ. ಇದು ಗೂಗಲ್ ಒಳಗೆ ಬಂದು ಓದುವುದನ್ನೇ ತಡೆಯುತ್ತೆ. ಇದೂ ಇದ್ದು ಅದೂ ಇದ್ದರೆ ಗೂಗಲ್ ಬಾಗಿಲಲ್ಲೇ ನಿಂತು, ಒಳಗಿನ 'ನೋಇಂಡೆಕ್ಸ್' ಮಾತನ್ನು ಓದುವುದೇ ಇಲ್ಲ. ನಮ್ಮಲ್ಲಿ ಇದರ ತೊಂದರೆ ಇರಲಿಲ್ಲ.

ಟಿಕ್ ತೆಗೆದು, ಕನ್ಸೋಲ್‌ನಲ್ಲಿ ಅರ್ಜಿ ಹಾಕಿ, ಹತ್ತು ದಿನಕ್ಕೆ ಮೊದಲ ಪುಟ ಸೇರಿತು. ಆದರೂ 'ಸಾಮೆ ಅಕ್ಕಿ' ಅಂತ ಕನ್ನಡದಲ್ಲಿ ಹುಡುಕಿದರೆ ನಾವಿಲ್ಲ. ಇದನ್ನು ಕನ್ನಡದವರು ಮುಖ್ಯವಾಗಿ ಗಮನಿಸಬೇಕು. ನಮ್ಮ ಬರಹವನ್ನು ಡಿಟಿಪಿ ಅಂಗಡಿಯ ಹಳೆ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೆವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಗೂಗಲ್ ಓದುವುದು ಒಳಗಿನದನ್ನು! ಪರೀಕ್ಷೆ ಹೀಗೆ: ಪುಟದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಅಂಟಿಸಿ. ಕನ್ನಡವೇ ಬಂದರೆ ಯುನಿಕೋಡ್, ಸರಿಯಿದೆ. ಗೊಂದಲ ಬಂದರೆ ಮತ್ತೆ ಟೈಪ್ ಮಾಡಬೇಕು. ನಮ್ಮ ದರಪಟ್ಟಿಯಂತೂ ಬರೀ ಫೋಟೋ, ಕಾಪಿ ಮಾಡಲೂ ಬರಲಿಲ್ಲ.

ಮೊಬೈಲ್‌ನಲ್ಲೇ ನಾನು ಮೂರು ಸಂಜೆ ಕೂತು ಎಲ್ಲಾ ಒತ್ತಿದೆ. ಪಟ್ಟಿ ಸೇರಿದ ಮಾತ್ರಕ್ಕೆ ಮೇಲೆ ಕಾಣಿಸುತ್ತೇವೆ ಅಂತಿಲ್ಲ, ಈಗಲೂ ದೊಡ್ಡ ಅಂಗಡಿಗಳ ಕೆಳಗೇ ಇದ್ದೇವೆ. ಆದರೆ ಸಾಮೆ ಜೊತೆ ಊರಿನ ಹೆಸರೂ ಹಾಕಿದರೆ ಸಿಗುತ್ತೇವೆ. ಹೋದ ತಿಂಗಳು ಮೂರು ಫೋನ್ ಬಂದವು. ಒಬ್ಬರು 25 ಕಿಲೋ ತರಿಸಿಕೊಂಡರು. ಉಳಿದಿಬ್ಬರು ರೇಟು ಕೇಳಿ ಇಟ್ಟರು.