ರೌಟರ್ ಹಿಂದೆ ಫಾಯಿಲ್ ಇಟ್ಟರೆ ನೆಟ್ ವೇಗ ಹೆಚ್ಚುತ್ತದೆಯೇ? ಸಿಮ್ ರೌಟರ್ ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

"ರೌಟರ್ ಹಿಂದೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ನಿಲ್ಲಿಸಿ, ನೆಟ್ ಸ್ಪೀಡ್ ಡಬಲ್ ಆಗುತ್ತದೆ, ಎಲ್ಲರಿಗೂ ಶೇರ್ ಮಾಡಿ." ಈ ಧಾಟಿಯ ಸಂದೇಶ ನಿಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ನಮ್ಮ ಗುಂಪಿಗೂ ಬಂತು. ಚಾಮರಾಜಪೇಟೆಯಲ್ಲಿ ಒಬ್ಬರೇ ಇರುವ ನಮ್ಮ ಅಜ್ಜಿ ಅದನ್ನು ನಂಬಿ, ಸಿಮ್ ಹಾಕುವ ರೌಟರ್‌ನ ಹಿಂದೆ ಫಾಯಿಲ್ ನಿಲ್ಲಿಸಿದರು. ಮರುದಿನ ಡಾಕ್ಟರ ಜೊತೆ ಮಾತಾಡುತ್ತಿದ್ದ ವಿಡಿಯೋ ಕಾಲ್ ಅರ್ಧಕ್ಕೇ ನಿಂತಿತು. ಫೋನ್‌ನಲ್ಲಿ ಮಾತ್ರ ವೈಫೈ ಗುರುತು ಪೂರ್ತಿ ತುಂಬಿತ್ತು!

ಹಾಗಾದರೆ ಆ ಸಂದೇಶ ಪೂರ್ತಿ ಸುಳ್ಳೇ? ಅಲ್ಲ. ಅರ್ಧಸತ್ಯ. ಅದಕ್ಕೇ ಅದು ಹೆಚ್ಚು ದಾರಿ ತಪ್ಪಿಸುತ್ತದೆ.

ಸಿಗ್ನಲ್‌ಗೆ ದಾರಿ ಒಂದಲ್ಲ, ಎರಡು

ಸಿಮ್ ರೌಟರ್‌ನಲ್ಲಿ ಇಂಟರ್ನೆಟ್ ಎರಡು ಹಂತದಲ್ಲಿ ಬರುತ್ತದೆ. ಮೊದಲನೆಯದು ಮೊಬೈಲ್ ಟವರ್‌ನಿಂದ ರೌಟರ್‌ವರೆಗೆ. ಎರಡನೆಯದು ರೌಟರ್‌ನಿಂದ ನಿಮ್ಮ ಫೋನ್‌ವರೆಗೆ, ಅಂದರೆ ವೈಫೈ. ಫೋನ್‌ನ ಮೇಲ್ತುದಿಯಲ್ಲಿ ಕಾಣುವ ವೈಫೈ ಗುರುತು ತೋರಿಸುವುದು ಎರಡನೆಯ ದಾರಿಯನ್ನು ಮಾತ್ರ.

ಇದನ್ನು ಮನೆಯ ನೀರಿಗೆ ಹೋಲಿಸಿ ನೋಡಿ. ನಲ್ಲಿ, ಪೈಪು ಎಲ್ಲ ಸರಿಯಿದ್ದರೂ ಸಂಪಿಗೆ ಕಾವೇರಿ ನೀರೇ ಬಂದಿಲ್ಲವೆಂದರೆ ನಲ್ಲಿ ತಿರುಗಿಸಿ ಏನು ಪ್ರಯೋಜನ?

ಲೋಹ ರೇಡಿಯೋ ಅಲೆಗಳನ್ನು ಪ್ರತಿಫಲಿಸುತ್ತದೆ ಎಂಬುದು ನಿಜ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು 2017ರಲ್ಲಿ, ಲೆಕ್ಕ ಹಾಕಿ ರೂಪಿಸಿದ ಪ್ರತಿಫಲಕದಿಂದ ವೈಫೈಯನ್ನು ಬೇಕಾದ ಕಡೆಗೆ ತಿರುಗಿಸಬಹುದು ಎಂದು ತೋರಿಸಿದ್ದರು. ಆದರೆ ಒಂದು ಕಡೆ ಹೆಚ್ಚಿದ ಸಿಗ್ನಲ್ ಇನ್ನೊಂದು ಕಡೆ ಕಡಿಮೆಯಾಗುತ್ತದೆ. ಸಿಮ್ ರೌಟರ್‌ನಲ್ಲಂತೂ ಅದೇ ಫಾಯಿಲ್ ಟವರ್‌ನಿಂದ ಬರುವ ಸಿಗ್ನಲ್‌ಗೂ ಅಡ್ಡ ನಿಲ್ಲಬಹುದು. ಅಜ್ಜಿಯ ಮನೆಯಲ್ಲಿ ಆಗಿದ್ದೂ ಇದೇ: ಫಾಯಿಲ್ ನಿಂತಿದ್ದು ರೌಟರ್‌ಗೂ ಕಿಟಕಿಗೂ ನಡುವೆ. ಅದನ್ನು ತೆಗೆದ ಮೇಲೆ ಕಾಲ್ ಸರಿಯಾಯಿತು.

ಹಳೆಯ ಬಡಾವಣೆಗಳಲ್ಲಿ ತೊಂದರೆ ಯಾಕೆ ಹೆಚ್ಚು?

ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, 1898ರ ಪ್ಲೇಗ್‌ನ ಆಸುಪಾಸಿನಲ್ಲಿ ರೂಪುಗೊಂಡ ಬಡಾವಣೆಗಳು. ಇಲ್ಲಿ ಉಳಿದಿರುವ ಹಳೆಯ ಮನೆಗಳ ದಪ್ಪ ಗೋಡೆ, ಮದ್ರಾಸ್ ತಾರಸಿ ಬೇಸಿಗೆಯಲ್ಲಿ ತಂಪು ಕೊಡುತ್ತವೆ, ಸಿಗ್ನಲ್ ಅನ್ನೂ ತಡೆಯುತ್ತವೆ. ಪಕ್ಕದಲ್ಲಿ ಹೊಸ ಕಾಂಕ್ರೀಟ್ ಕಟ್ಟಡ ಎದ್ದರೆ ಟವರ್ ಇನ್ನಷ್ಟು ಮರೆಯಾಗುತ್ತದೆ.

ಸಾಮಾನ್ಯವಾಗಿ ಅಲೆಯ ಆವರ್ತನ ಹೆಚ್ಚಿದಷ್ಟೂ ಗೋಡೆ ದಾಟುವುದು ಕಷ್ಟ. 700, 850, 900 ಮೆಗಾಹರ್ಟ್ಸ್ ಅಲೆಗಳು ಮನೆಯೊಳಗೆ ಸುಲಭವಾಗಿ ಬರುತ್ತವೆ. 1800, 2300ಕ್ಕೆ ಕಷ್ಟ ಹೆಚ್ಚು. ನಮ್ಮಲ್ಲಿ 5ಜಿಗೆ ಹೆಚ್ಚಾಗಿ ಬಳಸುವ 3500 ಮೆಗಾಹರ್ಟ್ಸ್‌ಗೆ ಇನ್ನೂ ಕಷ್ಟ. ರಸ್ತೆಯಲ್ಲಿ 5ಜಿ, ನಡುಮನೆಯಲ್ಲಿ 4ಜಿ ಕಾಣಲು ಇದೊಂದು ಮುಖ್ಯ ಕಾರಣ.

ಇನ್ನೊಂದು ಕಾರಣ ಜನಸಂದಣಿ. ಟವರ್‌ನ ಸಾಮರ್ಥ್ಯವನ್ನು ಆ ಕ್ಷಣದಲ್ಲಿ ಬಳಸುತ್ತಿರುವವರೆಲ್ಲ ಹಂಚಿಕೊಳ್ಳಬೇಕು. ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬಸವನಗುಡಿಯಲ್ಲಿ ಸೇರುವ ಜನರನ್ನು ನೆನೆಸಿಕೊಳ್ಳಿ. ಅಷ್ಟೂ ಫೋನ್‌ಗಳು ಫೋಟೊ, ವಿಡಿಯೋ ಕಳಿಸುವಾಗ ಸಿಗ್ನಲ್ ಕಡ್ಡಿ ತುಂಬಿದ್ದರೂ ವೇಗ ಕುಸಿಯುತ್ತದೆ. ಆಗ ತಪ್ಪು ರೌಟರ್‌ನದ್ದಲ್ಲ.

"5ಜಿ" ಎಂದು ಬರೆದಿದ್ದರೆ ಅದು 5ಜಿ ರೌಟರೇ?

ಅನೇಕರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ವೈಫೈ ಪಟ್ಟಿಯಲ್ಲಿ ಮನೆಯ ಹೆಸರಿನ ಮುಂದೆ "5ಜಿ" ಎಂದು ಕಾಣುವುದು ಸಾಮಾನ್ಯ. ಅದರ ಅರ್ಥ 5 ಗಿಗಾಹರ್ಟ್ಸ್ ವೈಫೈ. ಐದನೇ ತಲೆಮಾರಿನ ಮೊಬೈಲ್ ಜಾಲವಾದ 5ಜಿ ಬೇರೆ. ಅದು ಭಾರತದಲ್ಲಿ ಉದ್ಘಾಟನೆಯಾಗಿದ್ದು 2022ರ ಅಕ್ಟೋಬರ್ 1ರಂದು. 5 ಗಿಗಾಹರ್ಟ್ಸ್ ವೈಫೈ ಇರುವ 4ಜಿ ರೌಟರ್‌ಗಳೂ ಇವೆ, ಸಿಮ್ ಹಾಕಲು ಜಾಗವೇ ಇಲ್ಲದ ರೌಟರ್‌ಗಳೂ ಇವೆ. ಡಬ್ಬದ ಮೇಲೆ "ಡ್ಯುಯಲ್ ಬ್ಯಾಂಡ್" ಎಂದಷ್ಟೇ ಇದ್ದರೆ ಅದು ವೈಫೈ ಬಗೆಗಿನ ಮಾತು.

ಅಂದಹಾಗೆ, ಗೋಡೆಗಳು ಹೆಚ್ಚಿರುವ ಮನೆಯಲ್ಲಿ ದೂರದ ಕೋಣೆಗೆ 2.4 ಗಿಗಾಹರ್ಟ್ಸ್ ವೈಫೈ ಚೆನ್ನಾಗಿ ತಲುಪುತ್ತದೆ. ರೌಟರ್ ಇರುವ ಕೋಣೆಯಲ್ಲಿ 5 ಗಿಗಾಹರ್ಟ್ಸ್ ವೇಗ ಕೊಡುತ್ತದೆ.

ಕೊಳ್ಳುವ ಮುನ್ನ ಏನು ನೋಡಬೇಕು?

ಮೊದಲು, ನಿಮ್ಮ ಬೀದಿಗೆ ಫೈಬರ್ ಬಂದಿದೆಯೇ ವಿಚಾರಿಸಿ. ಬಂದಿದ್ದರೆ ಮನೆಯ ದಿನನಿತ್ಯದ ಬಳಕೆಗೆ ಸಾಮಾನ್ಯವಾಗಿ ಅದೇ ಸ್ಥಿರ. ಬಾಡಿಗೆ ಮನೆ ಆಗಾಗ ಬದಲಿಸುವವರಿಗೆ, ಫೈಬರ್ ಎಳೆಯಲು ಆಗದ ಮನೆಗಳಿಗೆ ಸಿಮ್ ರೌಟರ್ ಸರಿ.

ಎರಡನೆಯದು, ಪರೀಕ್ಷೆ. ಇದಕ್ಕೆ ಖರ್ಚಿಲ್ಲ. ಬೇರೆ ಬೇರೆ ಕಂಪನಿಯ ಸಿಮ್ ಇರುವ ಫೋನ್‌ಗಳನ್ನು ಮನೆಗೆ ತರಿಸಿ, ಪ್ರತಿ ಕಿಟಕಿಯ ಬಳಿ ವೇಗ ಅಳೆಯಿರಿ. ಬೆಳಿಗ್ಗೆ ಒಮ್ಮೆ, ರಾತ್ರಿ 9 ಗಂಟೆಗೆ ಒಮ್ಮೆ. ಟ್ರಾಯ್‌ನ "ಮೈಸ್ಪೀಡ್" ಆ್ಯಪ್ ಇದಕ್ಕೇ ಇದೆ. ರಾತ್ರಿಯೂ ವೇಗ ಉಳಿಸಿಕೊಂಡ ಕಂಪನಿಯನ್ನೇ ಆರಿಸಿ.

ಮೂರನೆಯದು, ಬ್ಯಾಂಡ್‌ಗಳು. ಆರಿಸಿದ ಕಂಪನಿಯ ಬ್ಯಾಂಡ್‌ಗಳು ರೌಟರ್‌ನಲ್ಲಿ ಇರಲೇಬೇಕು. ಜಿಯೋದ 5ಜಿ "ಸ್ಟ್ಯಾಂಡ್‌ಅಲೋನ್" ಬಗೆಯದು, ಆದ್ದರಿಂದ ರೌಟರ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಅದರ 5ಜಿ ಸಿಗದು. ವಿದೇಶದಿಂದ ನೆಂಟರು ತಂದುಕೊಟ್ಟ ರೌಟರ್ ಆದರೆ ಇದನ್ನು ತಪ್ಪದೆ ನೋಡಿ.

ನಾಲ್ಕನೆಯದು, ಪ್ಲಾನ್. ವಿಡಿಯೋ ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಹರಿದರೆ ಗಂಟೆಗೆ 2.25 ಜಿಬಿ ಖರ್ಚು. ದಿನಕ್ಕೆ 2 ಜಿಬಿ ಕೊಡುವ ಸಿಮ್ ಒಂದು ಸಿನಿಮಾಕ್ಕೂ ಸಾಲದು. ಫೋನ್‌ಗೆಂದು ಕೊಟ್ಟ "ಅನ್‌ಲಿಮಿಟೆಡ್" ಆಫರ್ ರೌಟರ್‌ನಲ್ಲಿಯೂ ನಡೆಯುತ್ತದೆಯೇ ಎಂದು ಕೇಳಿಯೇ ದುಡ್ಡು ಕೊಡಿ.

ಐದನೆಯದು, ಕರೆಂಟು. ಬ್ಯಾಟರಿ ಇರುವ ಕಿಸೆ ರೌಟರ್ ಪ್ರಯಾಣಕ್ಕೆ ಚೆನ್ನ. ಸದಾ ಚಾರ್ಜ್‌ನಲ್ಲೇ ಇಟ್ಟರೆ ಬಿಸಿಯಾಗಿ ಬ್ಯಾಟರಿ ಉಬ್ಬುವ ಅಪಾಯವಿದೆ. ಮನೆಗೆ ಬ್ಯಾಟರಿ ಇಲ್ಲದ ರೌಟರ್, ಜೊತೆಗೆ ಪುಟ್ಟ ಯುಪಿಎಸ್ ಒಳ್ಳೆಯದು. ಹಳೆಯ ರೌಟರ್ ಕೊಳ್ಳುವುದಾದರೆ ಅದರ ಐಎಂಇಐ ಸಂಖ್ಯೆಯನ್ನು ಕೆವೈಎಂ ಎಂದು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು ಸೇರಿಸಿ 14422ಕ್ಕೆ ಎಸ್ಎಂಎಸ್ ಮಾಡಿ ಪರೀಕ್ಷಿಸಿ.

ನೆಟ್ ನಿಧಾನವಾದಾಗ ಎರಡು ನಿಮಿಷದ ಪರೀಕ್ಷೆ

ರೌಟರ್ ಪಕ್ಕದಲ್ಲೇ ನಿಂತು ವೇಗ ಅಳೆಯಿರಿ. ಆಮೇಲೆ ತೊಂದರೆ ಇರುವ ಕೋಣೆಗೆ ಹೋಗಿ ಅಳೆಯಿರಿ.

• ಪಕ್ಕದಲ್ಲಿ ವೇಗವಿದ್ದು ಕೋಣೆಯಲ್ಲಿ ಇಲ್ಲವಾದರೆ ತೊಂದರೆ ವೈಫೈಯದು. ರೌಟರ್ ಅನ್ನು ಎತ್ತರದಲ್ಲಿ ಇಡಿ, ಬೀರು ಮತ್ತು ಟಿವಿ ಹಿಂದಿನಿಂದ ಹೊರತೆಗೆಯಿರಿ, 2.4 ಗಿಗಾಹರ್ಟ್ಸ್‌ಗೆ ಬದಲಿಸಿ.

• ಪಕ್ಕದಲ್ಲೂ ನಿಧಾನವಾದರೆ ತೊಂದರೆ ಟವರ್ ಕಡೆಯದು ಅಥವಾ ಪ್ಲಾನ್‌ನದು. ಮೊದಲು ಆ ದಿನದ ಡೇಟಾ ಮುಗಿದಿದೆಯೇ ನೋಡಿ. ನಂತರ ರೌಟರ್ ಅನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಅದು ಜಾಲಕ್ಕೆ ಹೊಸದಾಗಿ ಸಂಪರ್ಕ ಪಡೆಯುತ್ತದೆ. ಆಗಲೂ ಸರಿಹೋಗದಿದ್ದರೆ ಕಿಟಕಿಯಿಂದ ಕಿಟಕಿಗೆ ಸರಿಸಿ ನೋಡಿ.

ರೌಟರ್‌ನ ತಳದಲ್ಲಿ ಮುದ್ರಿಸಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದರೆ, ಹಲವು ರೌಟರ್‌ಗಳಲ್ಲಿ "ಆರ್‌ಎಸ್‌ಆರ್‌ಪಿ" ಎಂಬ ಅಂಕಿ ಕಾಣುತ್ತದೆ. ಅದು ಟವರ್ ಸಿಗ್ನಲ್‌ನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. -80 ಆಸುಪಾಸು ಚೆನ್ನ, -100 ಸಾಧಾರಣ, -110ಕ್ಕಿಂತ ಕೆಳಗಿದ್ದರೆ ದುರ್ಬಲ. ಅಜ್ಜಿಯ ರೌಟರ್ ಟಿವಿ ಪಕ್ಕದ ಗೂಡಿನಲ್ಲಿ -113 ತೋರಿಸುತ್ತಿತ್ತು. ಬೀದಿ ಕಡೆಯ ಕಿಟಕಿಗೆ ಸರಿಸಿದಾಗ -96 ಆಯಿತು. ಖರ್ಚಾಗಿದ್ದು ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಮಾತ್ರ.

ಇವುಗಳಿಂದ ದೂರವಿರಿ

"ಸಿಗ್ನಲ್ ಬೂಸ್ಟರ್" ಹೆಸರಿನಲ್ಲಿ ಮಾರುವ ಮೊಬೈಲ್ ರಿಪೀಟರ್ ಅನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಕಾನೂನುಬಾಹಿರ. ಅದು ಅಕ್ಕಪಕ್ಕದವರ ಸಿಗ್ನಲ್ ಅನ್ನೂ ಕೆಡಿಸುತ್ತದೆ. (ಮನೆಯೊಳಗಿನ ವೈಫೈ ಎಕ್ಸ್‌ಟೆಂಡರ್ ಬೇರೆ, ಅದನ್ನು ಬಳಸಬಹುದು.) "ರೌಟರ್ ಅಪ್‌ಗ್ರೇಡ್ ಮಾಡುತ್ತೇವೆ, ಓಟಿಪಿ ಹೇಳಿ" ಎಂದು ಯಾರಾದರೂ ಕರೆ ಮಾಡಿದರೆ ಫೋನ್ ಇಡಿ. ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಂಪನಿಗೆ ದೂರು ಕೊಟ್ಟಾಗ ಡಾಕೆಟ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕು.

ಒಟ್ಟಾರೆ ಹೇಳುವುದಾದರೆ

ಫಾಯಿಲ್ ವೈಫೈಯ ದಿಕ್ಕು ಬದಲಿಸಬಹುದು, ಟವರ್‌ನಿಂದ ಬರುವ ಇಂಟರ್ನೆಟ್ ಅನ್ನು ಹೆಚ್ಚಿಸಲಾರದು. ಆ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಬದಲು ಹೀಗೆ ಉತ್ತರಿಸಿ: "ಮೊದಲು ರೌಟರ್ ಪಕ್ಕ ನಿಂತು ವೇಗ ನೋಡಿ." ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿದ್ದರೆ, ಈ ಭಾನುವಾರ ಅವರ ರೌಟರ್ ಎಲ್ಲಿದೆ ಎಂದು ನೀವೇ ಹೋಗಿ ನೋಡಿ ಬನ್ನಿ.