ಬಿ.ಎಸ್‌ಸಿ. ಮಕ್ಕಳಿಗೆ ಸಂಶೋಧನೆಯ ದಾರಿ: ಟ್ರಸ್ಟ್ ಏಕೆ ಕೈಹಾಕಿದೆ



ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡುವಾಗ ಒಂದು ಸಂಗತಿ ವರ್ಷವರ್ಷವೂ ನಮ್ಮ ಕಣ್ಣಿಗೆ ಬೀಳುತ್ತದೆ. ಪಿಯುಸಿಯಲ್ಲಿ ವಿಜ್ಞಾನ ಓದಿ, ನೀಟ್‌ನಲ್ಲಿ ಸೀಟು ಸಿಗದೆ, ಊರಿನ ಪದವಿ ಕಾಲೇಜಿನಲ್ಲಿ ಬಿ.ಎಸ್‌ಸಿ.ಗೆ ಸೇರಿದ ಮಕ್ಕಳ ಓದು ಅಲ್ಲಿಗೆ ಮುಗಿಯಿತೆಂದೇ ಮನೆಯವರು ಎಣಿಸುತ್ತಾರೆ. ‘ಡಾಕ್ಟರಂತೂ ಆಗಲಿಲ್ಲ, ಇನ್ನೇನು’ ಎನ್ನುತ್ತಾರೆ. ಹೆಣ್ಣುಮಗುವಾದರೆ ಮದುವೆಯ ಮಾತು ಶುರುವಾಗುತ್ತದೆ. ರೋಗಿಯನ್ನು ನೋಡಲು ಎಂ.ಬಿ.ಬಿ.ಎಸ್. ಬೇಕು, ನಿಜ. ರೋಗ ಎಲ್ಲಿಂದ ಬಂತು, ಲಸಿಕೆ ಹೇಗೆ ಮಾಡಬೇಕು ಎಂದು ಹುಡುಕುವ ಕೆಲಸಕ್ಕೆ ಬಿ.ಎಸ್‌ಸಿ.ಯಿಂದಲೂ ದಾರಿಯಿದೆ.

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಅದನ್ನು ಪರಿಚಯಿಸಬೇಕಾಗಿಲ್ಲ. ಸೊಪ್ಪಿಗೆ, ತರಗೆಲೆಗೆ ಕಾಡಿಗೆ ಹೋದವರು, ತೋಟದ ಕೂಲಿಯವರು ಬೇಸಿಗೆ ಬಂತೆಂದರೆ ಉಣುಗಿಗೆ ಹೆದರುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ, ಇದು ಹೊಸ ವೈರಸ್ಸೆಂದೂ ಉಣುಗಿನಿಂದ ಹರಡುತ್ತದೆಂದೂ ಕಂಡುಹಿಡಿದರು. ಆ ಕೇಂದ್ರವೇ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ನಿಂತುಹೋಗಿದೆ, ಹೊಸದಕ್ಕೆ ಕೆಲಸ ನಡೆದಿದೆ. ಅರವತ್ತಕ್ಕೂ ಹೆಚ್ಚು ವರ್ಷಗಳ ಮೇಲೂ ಉತ್ತರ ಸಿಗದ ಪ್ರಶ್ನೆಗಳು ನಮ್ಮ ಹಿತ್ತಲಲ್ಲೇ ಇವೆ. ಅವನ್ನು ಹುಡುಕುವವರಲ್ಲಿ ಈ ಕಾಡನ್ನು ಬಲ್ಲ ಮಕ್ಕಳೂ ಇದ್ದರೆ ಚೆನ್ನ.

ಆದರೆ ನಮ್ಮವರು ಅಲ್ಲಿಯವರೆಗೆ ತಲುಪುವುದು ಕಡಿಮೆ. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ವಿದ್ಯಾರ್ಥಿಗಳ ಪೈಕಿ 25ರಲ್ಲಿ ಒಬ್ಬರು, ಸ್ನಾತಕೋತ್ತರ ವಿದ್ಯಾರ್ಥಿಗಳ ಪೈಕಿ 50ರಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದು 2006ರ ಸಾಚಾರ್ ಸಮಿತಿ ಹೇಳಿತ್ತು. ಮೇಲೆ ಹೋದಂತೆ ಅರ್ಧದಷ್ಟಾಗುತ್ತದೆ, ಗಮನಿಸಿ. ಪಿಎಚ್.ಡಿ. ಮಾಡುವ ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಷಿಪ್ಪನ್ನೂ ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿದೆ.

ಬುದ್ಧಿ ಸಾಲದೆ ಹೀಗಾಗಿದೆ ಎಂದು ನಾವು ಒಪ್ಪುವುದಿಲ್ಲ. ಎಷ್ಟೋ ಮಕ್ಕಳಿಗೆ ದಾರಿಯೇ ಗೊತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ, ಬೇಸಿಗೆ ಸಂಶೋಧನಾ ಫೆಲೋಷಿಪ್ ಕೊಡುತ್ತದೆ. ಆಯ್ಕೆಯಾದವರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಭತ್ಯೆ ಪಡೆದು ಕೆಲಸ ಕಲಿಯುತ್ತಾರೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥ ವ್ಯವಸ್ಥೆಯಿದೆ. ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಶೇ. 1ರಷ್ಟು ಮೇಲಿನವರಿಗೆ, ಬಿ.ಎಸ್‌ಸಿ. ಸೇರಿದರೆ, ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ಬೇಸಿಗೆಯ ಪ್ರಾಜೆಕ್ಟಿಗೆಂದೇ ಮೀಸಲು.

‘ಇನ್ನೂ ಎಷ್ಟು ವರ್ಷ ಓದಿಸುವುದು?’ ಎಂದು ತಂದೆ-ತಾಯಿ ಕೇಳುವುದು ನ್ಯಾಯವೇ. ಬಿ.ಎಸ್‌ಸಿ. ಮೂರು ವರ್ಷ, ಎಂ.ಎಸ್‌ಸಿ. ಎರಡು. ನಮಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ ಹತ್ತಿರ. ಜ್ಯಾಮ್ ಪರೀಕ್ಷೆ ಬರೆದರೆ ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲೂ ತೆರೆದಿದೆ. ಪಿಎಚ್.ಡಿ.ಗೆ ಐದಾರು ವರ್ಷ ಹಿಡಿಯುತ್ತದೆ. ಆದರೆ ಆ ವರ್ಷಗಳಲ್ಲಿ ಮನೆಯಿಂದ ಹಣ ಹೋಗುವುದಿಲ್ಲ, ಬರುತ್ತದೆ: ಜೆ.ಆರ್.ಎಫ್. ಪಾಸಾದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಎಲ್ಲರೂ ಪಾಸಾಗುವುದಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆಗದವರಿಗೂ ಕಲಿತ ಕೈಕೆಲಸ ಉಳಿಯುತ್ತದೆ. ಔಷಧ ಕಂಪನಿಗಳಿಗೆ, ರೋಗಪತ್ತೆ ಲ್ಯಾಬುಗಳಿಗೆ ಅಂಥವರು ಬೇಕು.

ದಾನಿಗಳ ಗಮನಕ್ಕೆ ಒಂದು ದೂರದ ಉದಾಹರಣೆ. 1988ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಮೇಯರ್‌ಹಾಫ್ ದಂಪತಿ ಕೊಟ್ಟ ದಾನದಿಂದ ಅಲ್ಲಿನ ವಿಶ್ವವಿದ್ಯಾನಿಲಯವೊಂದು ಕಪ್ಪು ಜನಾಂಗದ ಹುಡುಗರನ್ನು ವಿಜ್ಞಾನಕ್ಕೆ ತರುವ ಕೆಲಸ ಆರಂಭಿಸಿತು. ಮರುವರ್ಷ ಬಂದ ಮೊದಲ ತಂಡದಲ್ಲಿ ಇದ್ದವರು 19 ಮಂದಿ. ಆಮೇಲೆ ಹುಡುಗಿಯರೂ ಸೇರಿದರು. ಅವರು ಫೀಸು ಕಟ್ಟಿ ಸುಮ್ಮನಾಗಲಿಲ್ಲ: ಮಕ್ಕಳನ್ನು ಒಟ್ಟಿಗೆ ಕೂರಿಸಿ ಓದಿಸಿದರು, ಬೇಸಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿದರು, ಮನೆಯವರನ್ನೂ ಜೊತೆಗೆ ಕರೆದುಕೊಂಡರು. ಅಲ್ಲಿ ಓದಿದ ಕಿಜ್‌ಮೆಕಿಯಾ ಕಾರ್ಬೆಟ್ ಮುಂದೆ ಮೊಡೆರ್ನಾ ಕೋವಿಡ್ ಲಸಿಕೆಯ ಹಿಂದಿನ ವಿಜ್ಞಾನಿಗಳಲ್ಲಿ ಒಬ್ಬರಾದರು.

ನಮ್ಮ ಟ್ರಸ್ಟ್ ಅಷ್ಟು ದೊಡ್ಡದಲ್ಲ. ಅರ್ಜಿಯ ಜೊತೆ ‘ನಾನು ಏನು ಕಲಿಯಬಯಸುತ್ತೇನೆ’ ಎಂದು ಇಂಗ್ಲಿಷಿನಲ್ಲಿ ಬರೆಯಬೇಕು, ಉಪನ್ಯಾಸಕರ ಶಿಫಾರಸು ಪತ್ರ ಬೇಕು. ಕನ್ನಡ ಮಾಧ್ಯಮದ ಮಕ್ಕಳು ಹಿಂಜರಿಯುವುದು ಇಲ್ಲೇ. ಆ ಒಂದು ಪುಟವನ್ನು ಅವರೇ ಬರೆಯಲಿ, ನಾವು ಎದುರು ಕೂತು ಮೂರು ಸಲವಾದರೂ ತಿದ್ದಿಸುತ್ತೇವೆ. ಬಸ್ಸಿನ ಖರ್ಚು, ಹಾಸ್ಟೆಲಿನ ಮುಂಗಡ, ಭತ್ಯೆ ಕೈಗೆ ಬರುವವರೆಗಿನ ಊಟದ ಖರ್ಚು ನಮ್ಮದು. ಝಕಾತ್ ಹಣ ಅದರ ಹಕ್ಕುದಾರರಿಗೇ ಹೋಗುವುದರಿಂದ ಇದನ್ನು ಸದಖಾ ನಿಧಿಯಿಂದ ಭರಿಸುತ್ತೇವೆ; ದಾನ ಕೊಡುವಾಗ ಯಾವ ನಿಧಿಗೆಂದು ದಯವಿಟ್ಟು ಬರೆದು ತಿಳಿಸಿ. ಹೆಣ್ಣುಮಗಳು ಬೆಂಗಳೂರಿಗೆ ಹೋಗುವುದಾದರೆ ತಂದೆ ಅಥವಾ ತಾಯಿ ಜೊತೆಗೆ ಹೋಗಿ ಹಾಸ್ಟೆಲ್ ನೋಡಿ ಬರಲು ಅವರ ಪ್ರಯಾಣದ ಖರ್ಚೂ ಸೇರಿದೆ.

ಬಿ.ಎಸ್‌ಸಿ. ಓದುತ್ತಿರುವ, ಮೂರೂ ತಾಲ್ಲೂಕುಗಳ ವಿದ್ಯಾರ್ಥಿಗಳು ಅರ್ಜಿ ಹಾಕಬಹುದು. ಬೇಸಿಗೆಯ ಫೆಲೋಷಿಪ್‌ಗಳಿಗೆ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಕರೆಯುವುದರಿಂದ ಅಕ್ಟೋಬರ್ ಒಳಗೆ ನಮ್ಮನ್ನು ಕಾಣಬೇಕು. ಅಂಕಪಟ್ಟಿ, ಆದಾಯ ಪ್ರಮಾಣಪತ್ರ ತನ್ನಿ. ಮನೆಯ ಹಿರಿಯರೊಬ್ಬರನ್ನೂ ಕರೆತನ್ನಿ. ನಮೂನೆ ಈ ವರದಿಯ ಕೊನೆಯ ಪುಟದಲ್ಲಿದೆ.