ಬೆಸುಗೆಯ ಪರೀಕ್ಷೆ

ಕಾವ್ಯದಲ್ಲಿ ಒಲವಿನ ಕೂಡಿಕೆಯನ್ನು ಸೂಚಿಸುವ ‘ಬೆಸುಗೆ’ ಲೋಹಗಾರಿಕೆಯ ಪದವೂ ಹೌದು. ಗಣಿಯಲ್ಲಿ ಅದಿರು ತುಂಬುವ ಎಕ್ಸ್‌ಕವೇಟರಿನ ಬಿರುಕುಬಿಟ್ಟ ತೋಳನ್ನು ವೆಲ್ಡರನು ಬೆಸುಗೆಯಿಂದಲೇ ಸರಿಪಡಿಸುತ್ತಾನೆ. ಹೊರಗೆ ಅಂದವಾಗಿದ್ದೂ ಒಳಗೆ ದೋಷವುಳಿದರೆ, ತೋಳು ಮುರಿದು ಜೀವಹಾನಿಯಾಗಬಹುದು. ಆದುದರಿಂದ ಅವನ ಶಿಕ್ಷಣದಲ್ಲಿ ಕೈಚಳಕದಷ್ಟೇ ಲೋಹಜ್ಞಾನವೂ ಮುಖ್ಯ.

ತೋಳಿನ ದಪ್ಪ ಉಕ್ಕನ್ನು ಮೊದಲು ಹದವಾಗಿ ಕಾಯಿಸಬೇಕು. ತೇವವಿಲ್ಲದ ಎಲೆಕ್ಟ್ರೋಡನ್ನೇ ಬಳಸಬೇಕು. ಇಲ್ಲವಾದರೆ ತೇವದಿಂದ ಹುಟ್ಟಿದ ಹೈಡ್ರೋಜನ್ ಲೋಹವನ್ನು ಹೊಕ್ಕು, ಬೆಸುಗೆ ತಣಿದ ಮೇಲೆ, ಕೆಲವೊಮ್ಮೆ ಒಂದೆರಡು ದಿನ ಕಳೆದು, ಬಿರುಕನ್ನುಂಟುಮಾಡುತ್ತದೆ. ಕಲ್ಲನ್ನು ಪುಡಿಮಾಡುವ ಕ್ರಷರಿನ ದವಡೆಯ ಮ್ಯಾಂಗನೀಸ್ ಉಕ್ಕಿನ ನಿಯಮ ಇದಕ್ಕೆ ವಿರುದ್ಧ. 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ರೂಪಿಸಿದ ಈ ಉಕ್ಕು ಅತಿಯಾಗಿ ಕಾದರೆ ಪೆಡಸಾಗುತ್ತದೆ. ಅಲ್ಲಿ ತುಸು ತುಸುವೇ ಬೆಸೆದು, ತಣಿಯಲು ಬಿಡುತ್ತ ಸಾಗಬೇಕು.

ಭಾರೀ ಯಂತ್ರವನ್ನು ಅನುಕೂಲವಾಗಿ ಹೊರಳಿಸಲಾಗದು. ಹಾಗಾಗಿ ಅಭ್ಯರ್ಥಿಯು ನೆಟ್ಟಗೆ ನಿಂತ ಹಲಗೆಯನ್ನೂ ತಲೆಯ ಮೇಲಿನ ಹಲಗೆಯನ್ನೂ ಬೆಸೆದು ತೋರಿಸಬೇಕು. ಕಸುಬಿನವರ ಮಾತಿನಲ್ಲಿ ಇವು 3ಜಿ, 4ಜಿ. ಬಳಿಕ ಪರೀಕ್ಷಕನು ಆ ಹಲಗೆಯಿಂದ ಪಟ್ಟಿಗಳನ್ನು ಕತ್ತರಿಸಿ ಬಿಲ್ಲಿನಂತೆ ಬಾಗಿಸುತ್ತಾನೆ: ಒಂದರಲ್ಲಿ ಬೆಸುಗೆಯ ಮುಖ ಹೊರಬದಿಗೆ, ಇನ್ನೊಂದರಲ್ಲಿ ಬುಡ. ಸಾಮಾನ್ಯ ಮಾನದಂಡದಂತೆ, 3 ಮಿಲಿಮೀಟರಿಗಿಂತ ದೊಡ್ಡ ಬಿರುಕು ತೆರೆದರೆ ಅವನು ಅನುತ್ತೀರ್ಣ.

ಕಣ್ಣಿಗೆ ಮೆಚ್ಚಿಕೆಯಾದ ಬೆಸುಗೆಯನ್ನೂ ಹೀಗೆ ಬಾಗಿಸಿಯೇ ನಂಬಬೇಕು.